ನಡೆಯಲಾಗದ ಕೋಳಿಗೂ ಹಕ್ಕಿದೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಆಕಾಶದಲ್ಲಿ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗೂ, ಅಂಗಳದ ಮಣ್ಣು ಕೆದಕಿ ತಿನ್ನುವ ಕೋಳಿಗೂ ಅನ್ನ ಕೊಡುವವನು ಅವನೇ. ಸಕಲ ಲೋಕಗಳಿಗೆ ಅನುಗ್ರಹವಾಗಿ ಬಂದ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಅನುಚರರ ಮೇಲೆ ಅಲ್ಲಾಹನ ಶಾಂತಿ ಮತ್ತು ಕರುಣೆ ಇರಲಿ.

ಗೌರವಾನ್ವಿತ ಸಹೋದರರೇ, ಅಲ್ಲಾಹನನ್ನು ಭಯಪಟ್ಟು ಬದುಕೋಣ. ಜನರ ಕಣ್ಣಿಗೆ ಬೀಳುವ ವಿಷಯಗಳಲ್ಲಿ ಭಯಪಡುವುದು ಸುಲಭ. ಮನೆಯ ಹಿತ್ತಲಲ್ಲಿ, ಯಾರೂ ನೋಡದ ಕಡೆ, ಬಾಯಿ ಬಾರದ ಜೀವಿಯೊಂದರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬಲ್ಲಿಯೂ ಆ ಭಯ ಇರಬೇಕು.

ಈ ವಾರ ಜಮಾಅತಿನ ಒಂದು ಮನೆಯಿಂದ ಪ್ರಶ್ನೆಯೊಂದು ಬಂದಿತ್ತು. ಮೂರು ವರ್ಷ ಮೊಟ್ಟೆ ಕೊಟ್ಟ ಊರ ಕೋಳಿ. ಎಂಟು ದಿನಗಳಿಂದ ಅದಕ್ಕೆ ಕಾಲೂರಿ ನಿಲ್ಲಲು ಆಗುತ್ತಿಲ್ಲ. ಮನೆಯ ತಾಯಿ ಅದನ್ನು ಬುಟ್ಟಿಯಲ್ಲಿಟ್ಟು, ಕೈಯಾರೆ ತಿನ್ನಿಸಿ, ನೀರು ಕುಡಿಸುತ್ತಿದ್ದಾರೆ. ಒಂದು ಕೋಳಿಗಾಗಿ ಇಷ್ಟು ಸಮಯ ಹಾಳು ಮಾಡುವುದೇಕೆ ಎಂದು ಮನೆಯಲ್ಲಿ ಒಬ್ಬರ ಆಕ್ಷೇಪ. ಸಾಯುವ ಮೊದಲು ಕೋಳಿ ವ್ಯಾಪಾರಿಗೆ ಕೊಟ್ಟುಬಿಡಿ, ಸ್ವಲ್ಪವಾದರೂ ದುಡ್ಡು ಬರುತ್ತದೆ ಎಂದು ಇನ್ನೊಬ್ಬರ ಸಲಹೆ. ಆ ತಾಯಿ ಕೇಳಿದ್ದು ಇಷ್ಟೇ: ನಾನು ಮಾಡುತ್ತಿರುವುದು ದುಂದುವೆಚ್ಚವೇ, ಅಲ್ಲ ಇದಕ್ಕೆ ಪ್ರತಿಫಲವಿದೆಯೇ?

ಸಹೋದರರೇ, ಇದನ್ನು ಸಣ್ಣ ಪ್ರಶ್ನೆ ಎಂದು ಭಾವಿಸಬಾರದು. ನಮಗೆ ಲಾಭ ಕೊಡುತ್ತಿದ್ದ ಜೀವಿ ಲಾಭ ಕೊಡುವುದನ್ನು ನಿಲ್ಲಿಸಿದ ಮೇಲೆ ಅದಕ್ಕೆ ನಮ್ಮ ಮೇಲೆ ಹಕ್ಕು ಉಳಿಯುತ್ತದೆಯೇ ಎಂಬುದೇ ಇಲ್ಲಿರುವ ಪ್ರಶ್ನೆ. ಇದಕ್ಕೆ ನಮ್ಮ ಹಿರಿಯ ವಿದ್ವಾಂಸರು ಎಂಟು ಶತಮಾನಗಳ ಹಿಂದೆಯೇ ಸ್ಪಷ್ಟ ಉತ್ತರ ಬರೆದಿಟ್ಟಿದ್ದಾರೆ.

ದಮಸ್ಕಸ್ ಮತ್ತು ಕೈರೋದಲ್ಲಿ ಬಾಳಿದ, ವಿದ್ವಾಂಸರ ಸುಲ್ತಾನ ಎಂದು ಹೆಸರಾದ ಇಮಾಮ್ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್(ರ) ಕ್ರಿ.ಶ. 1262ರಲ್ಲಿ ನಿಧನರಾದರು. ಅವರು ಶಾಫಿಈ ಮದ್‌ಹಬಿನ ಮಹಾನ್ ವಿದ್ವಾಂಸರು. ಕವಾಇದುಲ್ ಅಹ್ಕಾಮ್ ಎಂಬ ತಮ್ಮ ಗ್ರಂಥದಲ್ಲಿ ಅವರು ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಆ ಪಟ್ಟಿಯ ಮೊದಲಲ್ಲೇ ಬರುವ ವಿಷಯವೆಂದರೆ, ಪ್ರಾಣಿಗೆ ತಕ್ಕ ಆಹಾರದ ವೆಚ್ಚವನ್ನು ಒಡೆಯನು ಭರಿಸಬೇಕು. ಅದು ಕಾಯಿಲೆ ಬಿದ್ದು ಅಥವಾ ಅಂಗ ಸ್ವಾಧೀನ ತಪ್ಪಿ ಯಾವ ಪ್ರಯೋಜನಕ್ಕೂ ಬಾರದಂತಾದರೂ ಈ ಹೊಣೆ ತಪ್ಪುವುದಿಲ್ಲ. ಅದರ ಶಕ್ತಿಗೆ ಮೀರಿದ ಭಾರ ಹೊರಿಸಬಾರದು, ಅದನ್ನು ಇರಿದು ತಿವಿದು ನೋಯಿಸುವ ಇತರ ಪ್ರಾಣಿಗಳ ಜೊತೆ ಕೂಡಿ ಹಾಕಬಾರದು ಎಂಬ ವಿಷಯಗಳೂ ಆ ಪಟ್ಟಿಯಲ್ಲಿವೆ. ಗಮನಿಸಿ, ಅವರು ಇದನ್ನು ಔದಾರ್ಯ ಎಂದು ಕರೆಯಲಿಲ್ಲ, ಹಕ್ಕು ಎಂದು ಕರೆದರು.

ಇಮಾಮ್ ನವವಿ(ರ)ಯವರ ಮಿನ್‌ಹಾಜ್ ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಪರಿಚಿತ ಗ್ರಂಥ. ತನ್ನ ಪ್ರಾಣಿಗೆ ಮೇವು ಕೊಡಲು ಒಡೆಯನು ನಿರಾಕರಿಸಿದರೆ ಏನು ಮಾಡಬೇಕೆಂದು ಅದರಲ್ಲಿದೆ. ತಿನ್ನಲು ಅನುಮತಿಯಿರುವ ಪ್ರಾಣಿಯಾದರೆ ಮೂರರಲ್ಲಿ ಒಂದನ್ನು ಮಾಡುವಂತೆ ಅವನನ್ನು ಒತ್ತಾಯಿಸಬೇಕು: ಮೇವು ಕೊಡಬೇಕು, ಇಲ್ಲವೇ ಮಾರಬೇಕು, ಇಲ್ಲವೇ ದ್ಸಬಹ್ ಮಾಡಬೇಕು. ಹಸಿದಿರಲಿ, ತಾನಾಗಿ ಸಾಯಲಿ ಎಂದು ಮೂಲೆಗೆ ತಳ್ಳುವ ನಾಲ್ಕನೆಯ ದಾರಿ ನಮ್ಮ ಫಿಕ್ಹ್‌ನಲ್ಲಿ ಇಲ್ಲ. ಆದರೆ ನಮ್ಮ ಹಿತ್ತಲುಗಳಲ್ಲಿ ಹೆಚ್ಚಾಗಿ ನಡೆಯುವುದು ಆ ನಾಲ್ಕನೆಯದೇ.

ಈ ಹೊಣೆಯ ಮೂಲ ಎಲ್ಲಿದೆ? ಭೂಮಿಯ ಮೇಲೆ ನಡೆಯುವ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ವಚನ ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದಲ್ಲಿದೆ. ಪ್ರವಾದಿ(ಸ)ರ ಜೀವನದಲ್ಲಿ ಈ ವಚನಕ್ಕೆ ಪ್ರಾಯೋಗಿಕ ವಿವರಣೆ ಸಿಗುತ್ತದೆ. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಎರಡು ಘಟನೆಗಳು ನಮಗೆಲ್ಲ ಗೊತ್ತು. ಒಬ್ಬ ಸ್ತ್ರೀ ಬೆಕ್ಕನ್ನು ಕೂಡಿಹಾಕಿ, ತಾನೂ ಆಹಾರ ಕೊಡದೆ, ಹೊರಗೆ ಹೋಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ್ದಕ್ಕಾಗಿ ಶಿಕ್ಷೆಗೆ ಗುರಿಯಾದಳು. ಒಬ್ಬ ದಾರಿಹೋಕ ಬಾಯಾರಿದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೆ ಬಂದು ಕುಡಿಸಿದ್ದಕ್ಕಾಗಿ ಕ್ಷಮೆ ಪಡೆದನು. ಪ್ರಾಣಿಗಳ ವಿಷಯದಲ್ಲೂ ನಮಗೆ ಪ್ರತಿಫಲವಿದೆಯೇ ಎಂದು ಸಹಾಬಿಗಳು ಆಶ್ಚರ್ಯದಿಂದ ಕೇಳಿದಾಗ, ಜೀವವಿರುವ ಪ್ರತಿಯೊಂದರ ವಿಷಯದಲ್ಲೂ ಪ್ರತಿಫಲವಿದೆ ಎಂಬ ಉತ್ತರ ಬಂತು.

ಈಗ ಆ ಬೆಕ್ಕಿನ ಘಟನೆಯನ್ನು ನಡೆಯಲಾಗದ ಕೋಳಿಯ ಪಕ್ಕದಲ್ಲಿಟ್ಟು ನೋಡಿ. ಬೆಕ್ಕನ್ನು ಒಬ್ಬಳು ಕಟ್ಟಿಹಾಕಿದ್ದಳು. ಕೋಳಿಯನ್ನು ಕಾಯಿಲೆಯೇ ಕಟ್ಟಿಹಾಕಿದೆ. ಅದು ಎದ್ದು ಹೋಗಿ ಹುಳ ಹೆಕ್ಕಲಾರದು, ಪಾತ್ರೆಯ ನೀರಿನ ಬಳಿ ತಲುಪಲಾರದು. ನೀರು ನಾಲ್ಕು ಅಡಿ ದೂರದಲ್ಲಿದ್ದರೂ ಅದರ ಪಾಲಿಗೆ ಇಲ್ಲದಂತೆಯೇ. ಇಂತಹ ಕೋಳಿಗಳಲ್ಲಿ ಎಷ್ಟೋ ರೋಗಕ್ಕಿಂತ ಮೊದಲು ಬಾಯಾರಿಕೆಯಿಂದಲೇ ಸಾಯುತ್ತವೆ. ಆದ್ದರಿಂದ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರವಿದು: ನೀವು ಮಾಡುತ್ತಿರುವುದು ದುಂದುವೆಚ್ಚ ಅಲ್ಲ. ನಿಮ್ಮ ಮೇಲಿರುವ ಹಕ್ಕನ್ನು ನೀವು ಸಲ್ಲಿಸುತ್ತಿದ್ದೀರಿ, ಇನ್‌ಶಾ ಅಲ್ಲಾಹ್ ಅದಕ್ಕೆ ಪ್ರತಿಫಲವೂ ಇದೆ.

ಆದರೆ ಸಹೋದರರೇ, ಮರುಕ ಒಂದಿದ್ದರೆ ಸಾಲದು, ತಿಳಿವಳಿಕೆಯೂ ಬೇಕು. ಅಲ್ಲಾಹನು ರೋಗದ ಜೊತೆ ಔಷಧವನ್ನೂ ಇಳಿಸಿದ್ದಾನೆ, ಚಿಕಿತ್ಸೆ ಮಾಡಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕೋಳಿ ಕಾಲೂರದಿರಲು ಕಾರಣ ಒಂದೇ ಅಲ್ಲ. ಕಾರಣ ತಿಳಿಯದೆ ಮದ್ದು ಮಾಡಿದರೆ ನೋವು ಹೆಚ್ಚಾಗಬಹುದು. ಪಶುವೈದ್ಯರು ಹೇಳುವ ಕೆಲವು ಮುಖ್ಯ ಸಂಗತಿಗಳನ್ನು ಇಲ್ಲಿ ತಿಳಿದುಕೊಳ್ಳೋಣ.

ಮೊದಲು ಕೋಳಿಯನ್ನು ಮೆಲ್ಲನೆ ಎತ್ತಿ ಪಾದದ ಅಡಿ ನೋಡಬೇಕು. ಕಾಲಿಗೆ ನೂಲು, ಕೂದಲು, ಪ್ಲಾಸ್ಟಿಕ್ ದಾರ ಸುತ್ತಿಕೊಂಡು ರಕ್ತ ಓಡಾಟ ನಿಂತಿರಬಹುದು. ಮುಳ್ಳು ಚುಚ್ಚಿಯೋ, ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿ ಹಾರಿಯೋ ಪಾದದಡಿ ಗಾಯವಾಗಿ, ಒಳಗೆ ಕೀವು ಗಟ್ಟಿಯಾಗಿ, ಮೇಲೆ ಕಪ್ಪು ಹೆಕ್ಕಳೆ ಕಟ್ಟಿರಬಹುದು. ಸಣ್ಣ ಗಾಯವಾದರೆ ಉಗುರು ಬೆಚ್ಚಗಿನ ಉಪ್ಪು ನೀರಿನಲ್ಲಿ ತೊಳೆದು, ಅಯೋಡಿನ್ ಔಷಧ ಹಚ್ಚಿ, ಬಟ್ಟೆ ಸುತ್ತಿ ಮೆತ್ತನೆಯ ಹುಲ್ಲಿನ ಮೇಲೆ ಇಟ್ಟರೆ ವಾಸಿಯಾಗುತ್ತದೆ. ಪಾದ ಊದಿಕೊಂಡಿದ್ದರೆ ಮನೆಯಲ್ಲಿ ಬ್ಲೇಡು ಹಾಕಬಾರದು, ಅದು ವೈದ್ಯರ ಕೆಲಸ.

ಎರಡನೆಯದು, ಮೊಟ್ಟೆ ಒಳಗೆ ಸಿಕ್ಕಿಕೊಳ್ಳುವುದು. ಮೊಟ್ಟೆ ಇಡುವ ಹೇಂಟೆ ಬಾಲ ಇಳಿಬಿಟ್ಟು, ಕಾಲು ಅಗಲಿಸಿ ನಿಂತು, ಮುಕ್ಕುತ್ತಾ ಇದ್ದರೆ, ಕೊನೆಗೆ ಕುಸಿದು ಕುಳಿತರೆ, ಇದನ್ನು ಸಂಶಯಿಸಬೇಕು. ಬೆಚ್ಚಗಿನ ನೀರಿನ ಟಬ್ಬಿನಲ್ಲಿ 15ರಿಂದ 20 ನಿಮಿಷ ಹೊಟ್ಟೆಯವರೆಗೆ ಕುಳ್ಳಿರಿಸಿ, ಒರಸಿ, ಕತ್ತಲಾದ ಬೆಚ್ಚಗಿನ ಜಾಗದಲ್ಲಿ ಬಿಟ್ಟರೆ ಕೆಲವೊಮ್ಮೆ ಮೊಟ್ಟೆ ತಾನಾಗಿ ಬರುತ್ತದೆ. ಹೊಟ್ಟೆ ಒತ್ತಿ ಮೊಟ್ಟೆ ಒಡೆಯುವಂತೆ ಮಾಡಬಾರದು; ಒಳಗೆ ಚಿಪ್ಪು ಒಡೆದರೆ ಜೀವಕ್ಕೇ ಅಪಾಯ. ಒಂದು ದಿನ ದಾಟಿದರೆ ತಡ ಮಾಡದೆ ವೈದ್ಯರಿಗೆ ತೋರಿಸಬೇಕು.

ಮೂರನೆಯದು, ಆಹಾರದ ಕೊರತೆ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣದ ಅಂಶ ಇರುತ್ತದೆ. ಆಹಾರದಲ್ಲಿ ಅದು ಸಿಗದಿದ್ದರೆ ಕೋಳಿ ತನ್ನ ಎಲುಬಿನಿಂದಲೇ ತೆಗೆದು ಮೊಟ್ಟೆಗೆ ಹಾಕುತ್ತದೆ. ನಾವು ಬೆಳಿಗ್ಗೆ ಎತ್ತಿಕೊಂಡು ಬರುವ ಮೊಟ್ಟೆಯಲ್ಲಿ ಅದರ ಎಲುಬಿನ ಪಾಲೂ ಇದೆ ಎಂದಾಯಿತು. ಬರೀ ಅಕ್ಕಿ, ಅನ್ನ ಹಾಕಿ ಸಾಕಿದ ಕೋಳಿ ಕೊನೆಗೆ ಕಾಲು ಸೋತು ಕುಳಿತರೆ ಅಚ್ಚರಿಯಿಲ್ಲ. ಕಪ್ಪೆಚಿಪ್ಪನ್ನು ಪುಡಿಮಾಡಿ ಬೇರೆ ತಟ್ಟೆಯಲ್ಲಿ ಇಟ್ಟರೆ ಅದಕ್ಕೆ ಬೇಕಾದಷ್ಟು ಅದು ತಿನ್ನುತ್ತದೆ. ಮರಿಗಳ ಕಾಲ್ಬೆರಳು ಒಳಗೆ ಮುದುಡಿ, ಹರಡಿನ ಮೇಲೆ ನಡೆಯುತ್ತಿದ್ದರೆ ಅದು ಹೆಚ್ಚಾಗಿ ಬಿ2 ವಿಟಮಿನ್‌ನ ಕೊರತೆ. ಬೇಗ ವಿಟಮಿನ್ ಕೊಟ್ಟರೆ ಸರಿಯಾಗುತ್ತದೆ, ತಡವಾದರೆ ಕಾಲು ಹಾಗೆಯೇ ಉಳಿಯುತ್ತದೆ.

ನಾಲ್ಕನೆಯದು, ಹರಡುವ ರೋಗಗಳು. ಎಳೆಯ ಕೋಳಿ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬಿದ್ದಿದ್ದರೆ ಅದು ಮಾರೆಕ್ಸ್ ರೋಗ ಆಗಿರಬಹುದು. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಇದು ನರಗಳಿಗೆ ತಗಲುವ ವೈರಸ್, ಗರಿಯ ಹೊಟ್ಟಿನ ಮೂಲಕ ಹರಡುತ್ತದೆ. ಇದಕ್ಕೆ ಚಿಕಿತ್ಸೆ ಇಲ್ಲ, ಮರಿ ಹುಟ್ಟಿದ ದಿನವೇ ಹಾಕುವ ಲಸಿಕೆ ಮಾತ್ರ ಇದೆ. ಇನ್ನೊಂದು ನಮ್ಮ ಊರುಗಳಿಗೆ ಚೆನ್ನಾಗಿ ಪರಿಚಿತವಾದ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ. ಈಗಿನ ಉತ್ತರಾಖಂಡದ ರಾಣಿಖೇತ್ ಎಂಬ ಊರಿನ ಹೆಸರು ಅದಕ್ಕೆ ಬಂದಿದೆ. ಹಸಿರು ಬೇಧಿ, ಏದುಸಿರು, ತಿರುಚಿಕೊಂಡ ಕುತ್ತಿಗೆ, ಸೋತ ರೆಕ್ಕೆ ಮತ್ತು ಕಾಲು ಇದರ ಲಕ್ಷಣಗಳು. ಒಂದು ಕೋಳಿಗೆ ಬಂದರೆ ಕೆಲವೇ ದಿನಗಳಲ್ಲಿ ಓಣಿಯ ಕೋಳಿಗಳೆಲ್ಲ ಖಾಲಿಯಾಗುವುದುಂಟು. ಇದಕ್ಕೂ ಮದ್ದಿಲ್ಲ, ಲಸಿಕೆಯೊಂದೇ ಕಾವಲು. ಲಸಿಕೆಯ ಬಗ್ಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. 1962 ಸಂಖ್ಯೆಗೆ ಕರೆ ಮಾಡಿಯೂ ಪಶುವೈದ್ಯಕೀಯ ನೆರವು ಕೇಳಬಹುದು.

ರೋಗ ಯಾವುದೆಂದು ತಿಳಿಯುವ ಮೊದಲೇ ಮಾಡಬೇಕಾದ ಒಂದು ಕೆಲಸವಿದೆ. ಆ ಕೋಳಿಯನ್ನು ಉಳಿದವುಗಳಿಂದ ಬೇರ್ಪಡಿಸಬೇಕು. ಕಾಯಿಲೆ ಬಿದ್ದ ಜಾನುವಾರುಗಳನ್ನು ಆರೋಗ್ಯವಂತ ಜಾನುವಾರುಗಳ ಬಳಿಗೆ ಒಯ್ಯಬಾರದೆಂದು ಪ್ರವಾದಿ(ಸ) ಆಜ್ಞಾಪಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಬೇರ್ಪಡಿಸುವುದರಿಂದ ಎರಡು ಹಕ್ಕುಗಳು ಸಲ್ಲುತ್ತವೆ. ಉಳಿದ ಕೋಳಿಗಳಿಗೆ ಮತ್ತು ನೆರೆಮನೆಯವರ ಕೋಳಿಗಳಿಗೆ ರಕ್ಷಣೆ ಸಿಗುತ್ತದೆ. ಬಿದ್ದ ಕೋಳಿಯನ್ನು ಇತರ ಕೋಳಿಗಳು ಕುಟುಕಿ ಗಾಯ ಮಾಡುವುದೂ ತಪ್ಪುತ್ತದೆ. ಆದರೆ ಬೇರ್ಪಡಿಸುವುದು ಎಂದರೆ ಕೊಟ್ಟಿಗೆಯ ಹಿಂದೆ ಎಸೆದು ಮರೆಯುವುದಲ್ಲ.

ಆರೈಕೆ ಹೇಗೆ? ಗಾಳಿಯಾಡುವ, ಮಳೆ ಬೀಳದ, ನಾಯಿ ಬೆಕ್ಕು ತಲುಪದ ಜಾಗದಲ್ಲಿ ಅಗಲವಾದ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆ ಇಡಿ. ಅಡಿಗೆ ಒಣ ಬೈಹುಲ್ಲು ದಪ್ಪವಾಗಿ ಹಾಸಿ, ದಿನವೂ ಬದಲಿಸಿ. ಕುಳಿತಲ್ಲೇ ಹಿಕ್ಕೆ ಹಾಕುವುದರಿಂದ ಹಿಂಭಾಗದ ಗರಿ ಒದ್ದೆಯಾಗುತ್ತದೆ. ಅದನ್ನು ಬೆಚ್ಚಗಿನ ನೀರಿನಲ್ಲಿ ಒರಸಿ ಒಣಗಿಸದಿದ್ದರೆ ನೊಣ ಮೊಟ್ಟೆಯಿಟ್ಟು ಹುಳವಾಗುತ್ತದೆ. ಒಂದೇ ಮಗ್ಗುಲಲ್ಲಿ ಬಿದ್ದಿರಲು ಬಿಡದೆ ದಿನಕ್ಕೆ ಕೆಲವು ಸಲ ಮಗ್ಗುಲು ಬದಲಿಸಿ. ಇಲ್ಲದಿದ್ದರೆ ಎದೆಯ ಎಲುಬಿನ ಮೇಲೆ ಹುಣ್ಣಾಗುತ್ತದೆ. ಕೋಳಿಯ ಮೈಯ ಬಿಸಿ ನಮಗಿಂತ ಹೆಚ್ಚು, ಸುಮಾರು 41 ಡಿಗ್ರಿ. ಕಾಯಿಲೆಯ ಕೋಳಿ ಗರಿ ಉಬ್ಬಿಸಿ ಕುಳಿತಿದ್ದರೆ ಅದಕ್ಕೆ ಚಳಿಯಾಗುತ್ತಿದೆ ಎಂದರ್ಥ. ಬೆಳಗಿನ ಎಳೆಬಿಸಿಲು, ರಾತ್ರಿ ಬೆಚ್ಚಗಿನ ಮೂಲೆ ಅದಕ್ಕೆ ಬೇಕು.

ನೀರನ್ನು ಅಗಲವಾದ, ಮಗುಚದ ಪಾತ್ರೆಯಲ್ಲಿ ಕೊಕ್ಕಿಗೆ ಎಟಕುವಂತೆ ಇಡಿ. ಅದಕ್ಕೂ ಆಗದಿದ್ದರೆ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ, ಇಲ್ಲವೇ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಡಿ. ಬಾಯಿ ತೆರೆದು ಗಂಟಲಿಗೆ ಸುರಿಯಬಾರದು, ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಮೆದುವಾದ ಅನ್ನ, ನೆನೆಸಿದ ತೌಡು, ಬೇಯಿಸಿದ ಮೊಟ್ಟೆಯ ಪುಡಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಕುತ್ತಿಗೆಯ ಬುಡದಲ್ಲಿರುವ ಆಹಾರದ ಚೀಲವನ್ನು ಸಂಜೆ ಮುಟ್ಟಿ ನೋಡಿದರೆ ಅದು ತಿಂದಿದೆಯೇ ಇಲ್ಲವೇ ಎಂದು ತಿಳಿಯುತ್ತದೆ. ಒಂದು ಬಟ್ಟೆಯಲ್ಲಿ ಕಾಲುಗಳಿಗೆ ಎರಡು ತೂತು ಮಾಡಿ, ಅದನ್ನು ತೊಟ್ಟಿಲಿನಂತೆ ಕಟ್ಟಿ, ಪಾದ ನೆಲಕ್ಕೆ ತಾಗುವಂತೆ ದಿನಕ್ಕೆ ಕೆಲವು ಸಲ ಸ್ವಲ್ಪ ಹೊತ್ತು ನಿಲ್ಲಿಸಿದರೆ ಕಾಲಿಗೆ ಬಲ ಬರಲು ಸಹಾಯವಾಗುತ್ತದೆ. ಮನುಷ್ಯರ ನೋವಿನ ಮಾತ್ರೆ, ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಕೊಡಬೇಡಿ. ಕೋಳಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ, ಮಕ್ಕಳಿಗೂ ಕಲಿಸಿ. ಅಡುಗೆಯ ಪಾತ್ರೆಯನ್ನು ಅದಕ್ಕೆ ಬಳಸಬೇಡಿ. ಶುಚಿತ್ವ ಈಮಾನಿನ ಭಾಗ ಎಂಬುದು ಇಲ್ಲಿಯೂ ಅನ್ವಯಿಸುತ್ತದೆ.

ಇನ್ನು, ಸಾಯುವ ಮೊದಲು ಮಾರಿಬಿಡುವ ಸಲಹೆಯ ವಿಷಯ. ಸಹೋದರರೇ, ಇಲ್ಲಿ ಮಾತು ಕೋಳಿಯಿಂದ ಮನುಷ್ಯನಿಗೆ ಬರುತ್ತದೆ. ಪ್ರವಾದಿ(ಸ) ಮದೀನದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆ ಇಡಬೇಕಿತ್ತು ಎಂದು ತಿಳಿಸಿದ ಪ್ರವಾದಿ(ಸ), ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಇಮಾಮ್ ಮುಸ್ಲಿಮ್(ರ) ಇದನ್ನು ವರದಿ ಮಾಡಿದ್ದಾರೆ. ಕಾಯಿಲೆಯ ಕೋಳಿಯನ್ನು ಹತ್ತು ಒಳ್ಳೆಯ ಕೋಳಿಗಳ ನಡುವೆ ಸೇರಿಸಿ ಬುಟ್ಟಿ ಮುಚ್ಚಿ ಕೊಡುವುದಕ್ಕೂ ನೆನೆದ ಧಾನ್ಯವನ್ನು ರಾಶಿಯ ಅಡಿಗೆ ಇಡುವುದಕ್ಕೂ ವ್ಯತ್ಯಾಸವೇನು? ಅದು ವ್ಯಾಪಾರಿಯ ಪಂಜರಕ್ಕೆ ಹೋಗಿ ನೂರು ಕೋಳಿಗಳಿಗೆ ರೋಗ ಅಂಟಿಸಬಹುದು. ಯಾರದೋ ಮದುವೆಯ ಊಟಕ್ಕೆ, ಯಾರದೋ ಮಗುವಿನ ತಟ್ಟೆಗೆ ಹೋಗಬಹುದು. ನಮ್ಮಲ್ಲಿ ಅನೇಕರು ಕೋಳಿ ವ್ಯಾಪಾರದಲ್ಲಿ ಇದ್ದಾರೆ. ಅವರಿಗೂ ಇದೇ ಮಾತು. ನಮ್ಮ ಅಂಗಡಿಯ ಮೇಲಿನ ಹಲಾಲ್ ಎಂಬ ಹಲಗೆ ಕತ್ತಿ ಹಿಡಿಯುವ ಕ್ರಮಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಪಂಜರದಲ್ಲೇ ಸತ್ತ ಕೋಳಿ, ರೋಗದಿಂದ ಬಿದ್ದ ಕೋಳಿ ಯಾರ ಪಾತ್ರೆಗೂ ಹೋಗದಂತೆ ನೋಡುವುದು ಆ ಹಲಗೆಯ ಅಮಾನತ್. ಗ್ರಾಹಕರು ಯಾವ ಧರ್ಮದವರೇ ಆಗಿರಲಿ, ಈ ಅಮಾನತ್ ಒಂದೇ.

ಹಾಗಾದರೆ ದ್ಸಬಹ್ ಮಾಡಬಹುದೇ? ತಿನ್ನಲು ಅನುಮತಿಯಿರುವ ಜೀವಿ ಕಾಯಿಲೆ ಬಿದ್ದಿದ್ದರೂ, ಜೀವ ಇರುವಾಗ ವಿಧಿಯಂತೆ ದ್ಸಬಹ್ ಮಾಡಿದರೆ ಅದು ಹಲಾಲ್. ಕಅಬ್ ಬಿನ್ ಮಾಲಿಕ್(ರ)ರ ಆಡುಗಳನ್ನು ಮೇಯಿಸುತ್ತಿದ್ದ ಸೇವಕಿ ಸಲ್ಅ್ ಬೆಟ್ಟದ ಬಳಿ ಸಾಯುತ್ತಿದ್ದ ಒಂದನ್ನು ಹರಿತವಾದ ಕಲ್ಲಿನಿಂದ ದ್ಸಬಹ್ ಮಾಡಿದಾಗ ಅದನ್ನು ತಿನ್ನಲು ಪ್ರವಾದಿ(ಸ) ಅನುಮತಿ ಕೊಟ್ಟರೆಂದು ಬುಖಾರಿಯಲ್ಲಿದೆ. ಆದರೆ ದ್ಸಬಹ್ ಸರಿಯಾದ ಮಾತ್ರಕ್ಕೆ ಮಾಂಸ ದೇಹಕ್ಕೆ ಒಳ್ಳೆಯದಾಯಿತು ಎಂದಲ್ಲ. ಹರಡುವ ರೋಗ ತಗಲಿದ ಕೋಳಿಯನ್ನು, ಔಷಧ ಕೊಟ್ಟು ಇನ್ನೂ ದಿನ ಕಳೆಯದ ಕೋಳಿಯನ್ನು, ಅದರ ಮೊಟ್ಟೆಯನ್ನು ವೈದ್ಯರು ಹೇಳುವವರೆಗೆ ತಿನ್ನಬಾರದು. ತನಗಾಗಲಿ ಪರರಿಗಾಗಲಿ ಹಾನಿ ಮಾಡಬಾರದೆಂಬುದು ನಮ್ಮ ಶರೀಅತ್ತಿನ ಮೂಲ ನಿಯಮ.

ಕೆಲವೊಮ್ಮೆ ಎಲ್ಲ ಆರೈಕೆಯ ನಂತರವೂ ಕೋಳಿ ಆಹಾರ ಮುಟ್ಟುವುದಿಲ್ಲ, ನರಳುತ್ತದೆ, ಇನ್ನು ಗುಣವಾಗದು ಎಂದು ವೈದ್ಯರು ಹೇಳುತ್ತಾರೆ. ಆಗ ಅದನ್ನು ವಾರಗಟ್ಟಲೆ ನರಳಿಸುವುದು ಕರುಣೆ ಅಲ್ಲ. ಮಿನ್‌ಹಾಜ್ ಹೇಳಿದ ಮೂರು ದಾರಿಗಳಲ್ಲಿ ದ್ಸಬಹ್ ಕೂಡ ಒಂದು ಎಂಬುದನ್ನು ನೆನಪಿಡಿ. ಅದೂ ಇಹ್ಸಾನಿನಿಂದ ಆಗಬೇಕು. ಕತ್ತಿಯನ್ನು ಹರಿತ ಮಾಡಿ, ಪ್ರಾಣಿಗೆ ನೆಮ್ಮದಿ ಕೊಡಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದ್ದನ್ನು ಶದ್ದಾದ್ ಬಿನ್ ಔಸ್(ರ) ವರದಿ ಮಾಡಿದ್ದಾರೆ. ಕುತ್ತಿಗೆ ತಿರುಚುವುದು, ಜೀವಂತ ಹೊಳೆಗೆ ಎಸೆಯುವುದು, ಗುಡ್ಡೆಯಲ್ಲಿ ನರಿಗೆ ಬಿಟ್ಟು ಬರುವುದು ಯಾವುದೂ ಸರಿಯಲ್ಲ. ಸತ್ತ ಕೋಳಿಯನ್ನು ತೋಡಿಗೆ, ರಸ್ತೆ ಬದಿಗೆ ಹಾಕದೆ, ಆಳವಾಗಿ ಹೊಂಡ ತೆಗೆದು, ಸುಣ್ಣ ಹಾಕಿ ಹೂಳಬೇಕು. ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗಿನಿಂದ ನಮ್ಮ ದೇಶದಲ್ಲಿ ಈ ಎಚ್ಚರ ಎಲ್ಲರ ಮೇಲೂ ಇದೆ.

ಸಹೋದರರೇ, ಸಹಾಬಿಗಳ ಬದುಕಿನಲ್ಲಿ ಕೋಳಿಯ ಪ್ರಸಂಗವೇ ಇದೆ. ಅನಸ್(ರ) ಒಂದು ಕಡೆ ಹೋದಾಗ ಕೆಲವು ಹುಡುಗರು ಕೋಳಿಯೊಂದನ್ನು ಗುರಿಯಾಗಿ ನಿಲ್ಲಿಸಿ ಬಾಣ ಬಿಡುತ್ತಿದ್ದರು. ಪ್ರಾಣಿಗಳನ್ನು ಹಾಗೆ ಕಟ್ಟಿ ಕೊಲ್ಲುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆಂದು ಅವರು ತಡೆದರು. ಇಬ್ನು ಉಮರ್(ರ) ಅಂತಹದೇ ಒಂದು ಕೋಳಿಯ ಕಟ್ಟು ಬಿಚ್ಚಿದರು. ಆಮೇಲೆ ಕೋಳಿಯನ್ನೂ ಆ ಹುಡುಗನನ್ನೂ ಕರೆದುಕೊಂಡು ಹೋಗಿ, ನಿಮ್ಮ ಮಕ್ಕಳನ್ನು ಇದರಿಂದ ತಡೆಯಿರಿ ಎಂದು ಮನೆಯವರಿಗೇ ಹೇಳಿದರು. ಅವರು ಹುಡುಗನನ್ನು ಬೈದು ಸುಮ್ಮನಾಗಲಿಲ್ಲ. ಹುಡುಗನ ತರಬೇತಿ ಮನೆಯವರ ಹೊಣೆ ಎಂದು ನೆನಪಿಸಿದರು. ಇಂದು ನಮ್ಮ ಹುಡುಗರು ಕೋಳಿಗಳ ಕಾಲು ಕಟ್ಟಿ ಬೈಕಿನ ಹ್ಯಾಂಡಲಿಗೆ ತಲೆಕೆಳಗಾಗಿ ತೂಗಿಸಿ ತರುತ್ತಾರೆ. ಕೋಳಿ ಅಂಕದ ಕಣದ ಸುತ್ತ ಹೋಗಿ ನಿಲ್ಲುವವರೂ ಇದ್ದಾರೆ. ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಪ್ರವಾದಿ(ಸ) ವಿರೋಧಿಸಿದ್ದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಇದನ್ನು ಒಪ್ಪುವುದಿಲ್ಲ. ಇದನ್ನು ತಿದ್ದಬೇಕಾದವರು ಯಾರು? ಮನೆಯವರೇ.

ಮಕ್ಕಳಿಗೆ ಒಳ್ಳೆಯದನ್ನು ಕಲಿಸಲೂ ಈ ಬುಟ್ಟಿಯಲ್ಲಿ ಕುಳಿತ ಕೋಳಿಗಿಂತ ಒಳ್ಳೆಯ ಪಾಠ ಸಿಗದು. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯ ಜೊತೆ ಆಡುತ್ತಿದ್ದ. ಅದು ಸತ್ತು ಮಗು ದುಃಖದಲ್ಲಿದ್ದಾಗ ಪ್ರವಾದಿ(ಸ) ಅವನ ಹೆಸರು ಹಿಡಿದು, ಆ ಹಕ್ಕಿಯ ಬಗ್ಗೆ ಪ್ರೀತಿಯಿಂದ ವಿಚಾರಿಸಿದರು. ಮದೀನದ ಆಡಳಿತ ಹೊತ್ತವರಿಗೆ ಒಂದು ಮಗುವಿನ ಹಕ್ಕಿಯ ಸುದ್ದಿ ಕೇಳಲು ಸಮಯವಿತ್ತು. ನಮ್ಮ ಮಗು ಕಾಯಿಲೆಯ ಕೋಳಿಯ ಮುಂದೆ ಕಣ್ಣೀರು ಹಾಕಿದರೆ ನಗಬೇಡಿ. ನೀರಿನ ಪಾತ್ರೆಯನ್ನು ಅದರ ಕೈಗೆ ಕೊಡಿ. ಗುಣವಾಗದೆ ಸತ್ತರೆ, ಹೂಳುವಾಗ ಮಗುವನ್ನೂ ಜೊತೆಗೆ ಕರೆದುಕೊಳ್ಳಿ.

ನಮ್ಮ ನಾಡಿನ ಇತರ ಧರ್ಮೀಯ ಸಹೋದರರಲ್ಲೂ ಈ ವಿಷಯದಲ್ಲಿ ಮೆಚ್ಚಬೇಕಾದ ಮಾದರಿಗಳಿವೆ. ದೆಹಲಿಯ ಕೆಂಪು ಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿ ಜೈನರು ಹಕ್ಕಿಗಳಿಗಾಗಿ ಧರ್ಮಾರ್ಥ ಆಸ್ಪತ್ರೆ ನಡೆಸುತ್ತಾರೆ. ಒಳಿತು ಎಲ್ಲಿ ಕಂಡರೂ ಅದನ್ನು ಗುರುತಿಸುವುದು ಸತ್ಯವಿಶ್ವಾಸಿಯ ಗುಣ. ನಮ್ಮ ಜಮಾಅತುಗಳೂ ಪಶುವೈದ್ಯರನ್ನು ಕರೆಸಿ ವರ್ಷಕ್ಕೊಮ್ಮೆ ಓಣಿಯ ಕೋಳಿ, ಆಡುಗಳಿಗೆ ಲಸಿಕೆ ಹಾಕಿಸುವ ಏರ್ಪಾಟು ಮಾಡಬಹುದು. ಕೋಳಿ ಸಾಕುವವರು ಹೆಚ್ಚಾಗಿ ನಮ್ಮ ತಾಯಂದಿರು. ಮೊಟ್ಟೆಯ ಆ ಸಣ್ಣ ದುಡ್ಡಿನಲ್ಲಿ ಮಗುವಿನ ಪುಸ್ತಕ, ಮನೆಯ ಸಾಬೂನು ಬರುತ್ತದೆ. ಅವರಿಗೂ ಇದು ನೆರವು, ಮೂಕ ಜೀವಿಗಳಿಗೂ ನೆರವು.

ಕೊನೆಯದಾಗಿ ಒಂದು ಮಾತು. ಮೊಟ್ಟೆ ಕೊಡುವವರೆಗೆ ಕಾಳು ಹಾಕಿ, ಕೊಡದಿದ್ದಾಗ ಮೂಲೆಗೆ ತಳ್ಳುವ ಲೆಕ್ಕಾಚಾರ ಹಿತ್ತಲಲ್ಲೇ ನಿಲ್ಲುವುದಿಲ್ಲ, ಮೆಲ್ಲನೆ ಮನೆಯೊಳಗೂ ಬರುತ್ತದೆ. ದುಡಿದು ತಂದಾಗ ಇದ್ದ ಮರ್ಯಾದೆ ಹಾಸಿಗೆ ಹಿಡಿದ ತಂದೆಗೆ ಉಳಿದಿದೆಯೇ? ಅಡುಗೆ ಮಾಡಿ ಬಡಿಸಿದ ತಾಯಿಗೆ, ಈಗ ಎದ್ದು ನೀರು ಕುಡಿಯಲಾಗದ ತಾಯಿಗೆ, ಲೋಟ ಕೈಗೆಟಕುವಲ್ಲಿ ಇದೆಯೇ? ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಪ್ರಯೋಜನ ಮುಗಿದವರನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅವರು ಮೊದಲು ಕಲಿಯುವುದು ಇಂತಹ ಸಣ್ಣ ವಿಷಯಗಳಿಂದಲೇ. ನಾಳೆ ನಾವೂ ಕಾಲೂರಲಾಗದೆ ಮಲಗುವವರೇ.

ಓ ಅಲ್ಲಾಹ್, ನಮ್ಮ ಹೃದಯಗಳಲ್ಲಿ ಕರುಣೆಯನ್ನು ತುಂಬು. ನಮ್ಮ ಕೈಕೆಳಗಿರುವ ಮೂಕ ಜೀವಿಗಳ ಹಕ್ಕನ್ನು ಸಲ್ಲಿಸುವ ಸಾಮರ್ಥ್ಯ ಕೊಡು. ನಮ್ಮ ವ್ಯಾಪಾರವನ್ನು ವಂಚನೆಯಿಂದ, ನಮ್ಮ ಊಟವನ್ನು ಹರಾಮಿನಿಂದ ಕಾಪಾಡು. ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ ಶಿಫಾ ಕೊಡು, ಅವರ ಸೇವೆ ಮಾಡುವವರಿಗೆ ತಾಳ್ಮೆ ಕೊಡು. ನಮ್ಮ ಮಾತಾಪಿತರ ಮೇಲೆ ಕರುಣೆ ತೋರು. ಆಮೀನ್.